ಎರಡು ಕುರ್ಚಿಯ ಆಟ

ಏಳು ಗಂಟೆಯ ತೆಲುಗು ಧಾರಾವಾಹಿಯಲ್ಲಿ ನೌಕರಿ ಮಾಡುವ ತಾಯಿಯೊಬ್ಬಳಿದ್ದಳು. ದೊಡ್ಡ ಆಫೀಸು, ಗಾಜಿನ ಬಾಗಿಲು. ಆದರೆ ಆಕೆಯ ಮೇಜಿನ ಮೇಲೆ ಒಂದು ಕಾಗದದ ಚೂರೂ ಇರುತ್ತಿರಲಿಲ್ಲ. ಆಕೆ ಅಲ್ಲಿ ಏನು ಕೆಲಸ ಮಾಡುತ್ತಾಳೆಂದು ಎರಡು ವರ್ಷ ನೋಡಿದರೂ ನಮಗೆ ತಿಳಿಯಲಿಲ್ಲ. ಕ್ಯಾಮೆರಾ ಆ ಆಫೀಸಿನೊಳಗೆ ಹೋಗುತ್ತಿದ್ದುದು ಮಗು ಮೆಟ್ಟಿಲಿಂದ ಬಿದ್ದಾಗ, ಮಗುವಿಗೆ ಜ್ವರ ಬಂದಾಗ, ಶಾಲೆಯಲ್ಲಿ ಮಗುವಿನ ಡಾನ್ಸ್ ಇದ್ದಾಗ ಮಾತ್ರ. ಫೋನು ಬಡಿದುಕೊಳ್ಳುತ್ತಿತ್ತು. ಆಕೆ ಬಣ್ಣ ಹಚ್ಚಿದ ಉಗುರಿನಿಂದ ಅದನ್ನು ಕಟ್ ಮಾಡುತ್ತಿದ್ದಳು. ಕೂಡಲೇ ಇನ್ನೊಂದು ಮನೆ, ಇನ್ನೊಬ್ಬ ಹೆಂಗಸು, ಒದ್ದೆ ಕೂದಲು, ತುಳಸಿಕಟ್ಟೆ, ಗಂಟೆಯ ಸದ್ದು. ಮಗುವಿನ ಅಪ್ಪನಿಗೂ ಆಫೀಸಿತ್ತು. ಅವನ ಫೋನು ಒಂದು ದಿನವೂ ಬಡಿದುಕೊಳ್ಳಲಿಲ್ಲ.

ಇಂಥವನ್ನೆಲ್ಲ ನಾನು ಗಮನಿಸುತ್ತಿದ್ದೆ. ಗಮನಿಸಿ ಸುಮ್ಮನಿರುತ್ತಿದ್ದೆ. ನನ್ನ ಸ್ವಭಾವವೇ ಹಾಗೆ.

ನಾನು ಜಹೀರಾಬಾದಿನವಳು. ಅಲ್ಲಿ ಕಾನ್ವೆಂಟಿನಲ್ಲಿ ಓದಿದೆ. ಹೊಲಿಗೆಗೆ, ಅಕ್ಷರಕ್ಕೆ, ನಡತೆಗೆ ಪ್ರತಿ ವರ್ಷ ನನಗೇ ಬಹುಮಾನ. ಹತ್ತೊಂಬತ್ತಕ್ಕೆ ಮದುವೆಯಾಗಿ ತಾಂಡೂರಿಗೆ ಬಂದೆ. ಆಮೇಲೆ ಬಹುಮಾನ ಕೊಡುವವರು ಯಾರೂ ಇರಲಿಲ್ಲ. ನನ್ನವರು ಕರಣಕೋಟದ ಸಿಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದರು, ಮೈದುನ ಊರ ಹೊರಗೆ ನೆಲಹಾಸಿನ ಕಲ್ಲು ಪಾಲಿಶ್ ಮಾಡುವ ಮಷಿನ್ ನಡೆಸುತ್ತಿದ್ದ. ಒಬ್ಬರು ಬೂದು ಧೂಳು ತರುತ್ತಿದ್ದರು, ಇನ್ನೊಬ್ಬ ಬಿಳಿ ಧೂಳು. ದಿನಕ್ಕೆ ಮೂರು ಸಲ ನಾನು ಒರೆಸುತ್ತಿದ್ದೆ. ನಾಲ್ಕನೇ ಸಲ ಒರೆಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನಾರಾಯಣಖೇಡದವಳು. ಸರ್ಕಾರಿ ಬಸ್ಸಿನ ಕಂಡಕ್ಟರ್. ಅವರಪ್ಪನೂ ಕಂಡಕ್ಟರ್ ಆಗಿದ್ದವರು, ಡ್ಯೂಟಿ ಮೇಲೆಯೇ ತೀರಿಹೋದರು, ಆ ನೌಕರಿ ಮಗಳಿಗೆ ಬಂತು. ನೌಕರಿ ಬಿಡಿಸಬಾರದೆಂದು ಮದುವೆಯ ಮಾತುಕತೆಯಲ್ಲೇ ಒಪ್ಪಿಗೆಯಾಗಿತ್ತು. ನಾರಾಯಣಖೇಡದಲ್ಲಿ ಅವರವ್ವ ಒಬ್ಬಳೇ ಇದ್ದಳು. ಇವಳು ದುಡಿದರೆ ಅಲ್ಲಿ ಒಲೆ ಉರಿಯಬೇಕು. ನಮ್ಮತ್ತೆ ಆಗ ಹೂಂ ಅಂದಿದ್ದರು. ಹೂಂ ಅಂದದ್ದನ್ನು ಆಮೇಲೆ ದಿನಾಲೂ ಜಗಿಯುತ್ತಿದ್ದರು.

ಬೆಳಗಿನ ಡ್ಯೂಟಿ ಇದ್ದರೆ ಅವಳು ಮೂರಕ್ಕೆ ಎದ್ದು ಎಲ್ಲರಿಗೂ ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು. ಹೋಗುವ ಮುಂಚೆ ಒಂದು ಕೆಲಸ ಮಾಡುತ್ತಿದ್ದಳು. ನಿದ್ದೆಯಲ್ಲಿದ್ದ ಮಗಳನ್ನು ಮೆಲ್ಲಗೆ ತೊಡೆಗೆ ಒರಗಿಸಿಕೊಂಡು ಜಡೆ ಹಾಕುತ್ತಿದ್ದಳು. ಹುಡುಗಿಗೆ ಎಚ್ಚರವಾಗುತ್ತಿರಲಿಲ್ಲ. ಏಳುವ ಹೊತ್ತಿಗೆ ತಲೆ ಬಾಚಿ ಜಡೆ ಹಾಕಿ ರಿಬ್ಬನ್ ಕಟ್ಟಿರುತ್ತಿತ್ತು. ಅದು ತನ್ನಷ್ಟಕ್ಕೆ ಆಗುವ ಸಂಗತಿ ಎಂದು ಆ ಮಗು ತಿಳಿದುಕೊಂಡಿತ್ತೇನೋ.

ಅವಳು ಮನೆಗೆ ಬರುವುದು ಹಿಂದಿನ ಓಣಿಯಿಂದ. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಚಿಲ್ಲರೆ ಎಣಿಸಿ ಕಪ್ಪಾದ ಬೆರಳು. ಅತ್ತೆಯ ನಿಯಮ ಏನೆಂದರೆ ಖಾಕಿ ಹಿತ್ತಲ ಮೊಳೆಗೆ ತೂಗಬೇಕು, ಜಳಕ ಆಗಬೇಕು, ಬೇರೆ ಸೀರೆ ಉಡಬೇಕು, ಅಲ್ಲಿಯವರೆಗೆ ಏನನ್ನೂ ಯಾರನ್ನೂ ಮುಟ್ಟುವಂತಿಲ್ಲ. ಬಸ್ಸಿನಲ್ಲಿ ಊರಮಂದಿಯ ಮೈ ತಾಗಿರುತ್ತದೆ, ಊರಮಂದಿಯ ರೊಕ್ಕ ಮುಟ್ಟಿರುತ್ತಾಳೆ. ನನ್ನವರೂ ಬಸ್ಸಿನಲ್ಲೇ ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದರು. ಅವರು ಸೀದಾ ಬಂದು ದೇವರ ಮನೆಯ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು.

ಹುಡುಗಿಗೆ ಎರಡು ವರ್ಷವಾಗಿದ್ದಾಗ ಒಂದು ಸಂಜೆ ಓಡಿಹೋಗಿ ಖಾಕಿಯ ಸಮೇತ ಅವ್ವನ ಮೊಣಕಾಲು ತಬ್ಬಿಕೊಂಡಿತು. ಅತ್ತೆ ಮಗುವಿನ ಬೆನ್ನ ಮೇಲೆ ಒಂದು ಕೊಟ್ಟರು. ಆಮೇಲೆ ನನ್ನ ಕಡೆ ನೋಡಿ, ತಣ್ಣೀರು ಎರಿ, ಕಾಯಿಸಾಕ ಕೂಡಬ್ಯಾಡ ಅಂದರು. ಸಂಕ್ರಾಂತಿಯ ಆಸುಪಾಸಿನ ಚಳಿ. ಎರೆದವಳು ನಾನೇ. ಮೂರು ತಂಬಿಗೆ. ಮೊದಲನೆಯ ತಂಬಿಗೆಗೆ ಅದು ಉಸಿರು ಕಟ್ಟಿಕೊಂಡು ನನ್ನ ಮುಖ ನೋಡಿತು. ಅಳು ಶುರುವಾದದ್ದು ಎರಡನೆಯದಕ್ಕೆ. ಖಾಕಿ ತೊಟ್ಟ ನೆಗೆಣ್ಣಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಮುಟ್ಟುವಂತಿರಲಿಲ್ಲ.

ಒಂದೇ ಸಲಕ್ಕೆ ಮಗು ಕಲಿಯಿತು. ಆಮೇಲಿಂದ ಅವ್ವ ಬಂದ ಸದ್ದಾದರೆ ಹಿತ್ತಲ ಬಾಗಿಲ ತನಕ ಓಡುತ್ತಿತ್ತು, ಒಂದು ಮೊಳ ದೂರದಲ್ಲಿ ನಿಂತು, ಎರಡೂ ಕೈ ಹಿಂದೆ ಕಟ್ಟಿಕೊಂಡು, "ಜಳಕ ಆತೇನವ್ವಾ?" ಅಂತ ಕೇಳುತ್ತಿತ್ತು. ನೆರೆಯವರೆಲ್ಲ ಎಷ್ಟು ಜಾಣ ಕೂಸು ಎಂದು ಹೊಗಳುತ್ತಿದ್ದರು.

ತೆಲಂಗಾಣ ಬೇಕೆಂಬ ಹೋರಾಟ ಜೋರಾದ ವರ್ಷ ಬಸ್ಸುಗಳು ವಾರಗಟ್ಟಲೆ ನಿಂತವು. ಡಿಪೋದ ಎದುರು ಟೆಂಟು ಹಾಕಿ ಡ್ರೈವರು, ಕಂಡಕ್ಟರು, ಮಾಸ್ತರು ಎಲ್ಲ ಕೂತರು. ನೆಗೆಣ್ಣಿ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ದಿನಾ ಹೋಗುತ್ತಿದ್ದಳು. ಖಾಕಿ ಹಿತ್ತಲಲ್ಲಿ ತೂಗಿಕೊಂಡೇ ಇತ್ತು, ಅದರ ಮೇಲೆ ಕಲ್ಲಿನ ಧೂಳು ಕೂತು ತೋಳುಗಳು ಬಿರುಸಾಗಿದ್ದವು. ಆ ಅಷ್ಟೂ ದಿನ ಹುಡುಗಿ ಅವಳ ಸೆರಗು ಬಿಡಲೇ ಇಲ್ಲ. ಉಣ್ಣುವುದು ಅವಳ ಕೈಯಲ್ಲಿ, ಮಲಗುವುದು ಅವಳ ತೋಳ ಮೇಲೆ. ಕೊಟ್ಟಿಗೆಯ ಕರುವಿಗೂ ಇಷ್ಟು ಹಚ್ಚಿಕೊಳ್ಳುವುದು ಗೊತ್ತಿಲ್ಲ ಎಂದು ಅತ್ತೆಯೇ ಗೊಣಗಿದರು. ನನಗೆ ಒಳಗೆಲ್ಲೋ ಚುಚ್ಚಿತು. ನನ್ನ ಮಗ ಆಗ ಏಳನೆಯ ತರಗತಿ, ಅವನಿಗೆ ನಾನು ಊಟದ ಹೊತ್ತಿಗೆ ಮಾತ್ರ ಬೇಕು.

ಒಂದು ದಿನ ಟೆಂಟಿಗೆ ಟೀವಿಯವರು ಬಂದರು. ನೆಗೆಣ್ಣಿ ಮೈಕಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡಿದಳಂತೆ, ಹೆಣ್ಣು ಕಂಡಕ್ಟರುಗಳಿಗೆ ಬಸ್ ಸ್ಟ್ಯಾಂಡುಗಳಲ್ಲಿ ಒಂದು ಪಾಯಿಖಾನೆ ಇಲ್ಲದ ವಿಷಯ. ಅದು ಬರಲಿಲ್ಲ. ಮಧ್ಯಾಹ್ನ ರಸ್ತೆಯ ಮೇಲೇ ಅಡುಗೆ ಮಾಡಿ ಉಣ್ಣುವ ಚಳವಳಿಯಿತ್ತು, ಅವಳು ಕೂತು ಉಳ್ಳಾಗಡ್ಡಿ ಹೆಚ್ಚಿದ್ದು ಬಂತು. ಅದನ್ನು ನೋಡಿ ನೆಗೆಣ್ಣಿ ಬಿದ್ದು ಬಿದ್ದು ನಕ್ಕಳು. "ನಮ್ಮ ಗಂಡಸರು ಟೆಂಟಿನ್ಯಾಗ ಒದರ್ತಾರಕ್ಕ, ಟೀವಿಯವರು ನಮ್ಮ ತೆಲಂಗಾಣದ ಮಾತು ಬರೇ ಕೆಲಸದವರ ಬಾಯಾಗ, ರೌಡಿಗಳ ಬಾಯಾಗ ಇಡ್ತಾರ ಅಂತ. ಖರೇನೇ. ಆದ್ರ ನೌಕರಿ ಮಾಡೋ ಹೆಂಗಸಿನ ಬಾಯಾಗ ಏನಿಡ್ತಾರ ಅಂತ ಒಬ್ಬನರ ಒದರ್ಯಾನೇನು?"

ಆ ದಿನಗಳಲ್ಲೇ ಅವಳು ಗಂಡನನ್ನು ಒಂದು ಮಾತಿಗೆ ಒಪ್ಪಿಸಿದ್ದು. ಸಮ್ಮೆ, ಅಂದರೆ ಮುಷ್ಕರ, ಮುಗಿದ ಮೇಲೆ ನಾರಾಯಣಖೇಡ ಡಿಪೋಕ್ಕೆ ವರ್ಗ ಕೇಳುವುದು, ಜೂನಿನಲ್ಲಿ ಮಗಳನ್ನು ಅಲ್ಲೇ ಶಾಲೆಗೆ ಹಾಕುವುದು. ಅವರವ್ವ ಮಗುವನ್ನು ನೋಡಿಕೊಳ್ಳುತ್ತಾಳೆ, ಮೈದುನ ಆದಿತ್ಯವಾರ ಬಂದು ಹೋಗುವುದು. ಒಂದು ವರ್ಷ ನೋಡೋಣ ಎಂದು ಅವನು ಅರ್ಧ ಮನಸ್ಸಿನಿಂದ ಹೂಂ ಅಂದ. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಡ್ಯೂಟಿ ನಿಂದು, ಕೂಸು ನಮ್ಮದು, ಎಲ್ಲಿ ಬೇಕಲ್ಲಿ ಡ್ಯೂಟಿ ಮಾಡು ಎಂದುಬಿಟ್ಟರು. ಆದರೆ ಮಗ ಹೂಂ ಅಂದದ್ದರಿಂದ ಅವರ ಕೈ ಕಟ್ಟಿತ್ತು. ನೆಗೆಣ್ಣಿ ನನ್ನ ಹತ್ತಿರ ಬಂದು ಕಣ್ಣರಳಿಸಿ ಹೇಳಿದಳು, ಅಲ್ಲಿ ನಮ್ಮವ್ವ ಖಾಕಿ ಮುಟ್ಟಿದರೆ ಏನೂ ಅನ್ನಂಗಿಲ್ಲಕ್ಕ, ಅಪ್ಪನ ಖಾಕಿ ಒಗೆದು ಒಗೆದೇ ಆಕೆಯ ಕೈ ಸವೆದಾವ. ನಾನು ಒಳ್ಳೆಯದಾಯಿತು ಅಂದೆ. ಅಂದು ಅವಳ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ.

ಸಮ್ಮೆ ಮುಗಿಯಿತು. ವರ್ಗದ ಅರ್ಜಿ ಹೋಯಿತು. ಅದೇ ಹೊತ್ತಿಗೆ ಹೈದರಾಬಾದಿನ ಒಂದು ಚಾನೆಲ್ಲಿನವರು ನಮ್ಮ ಊರಿಗೆ ಬಂದರು. ಗೃಹಿಣಿಯರ ಆಟದ ಕಾರ್ಯಕ್ರಮ. ಗೆದ್ದವರಿಗೆ ರೇಷ್ಮೆ ಸೀರೆ, ತಲೆಗೊಂದು ಕಿರೀಟ. ಅದುವರೆಗೆ ಆಂಧ್ರದ ಕಡೆಯ ಊರುಗಳಲ್ಲೇ ಆಡಿಸುತ್ತಿದ್ದರು, ಹೋರಾಟ ಶುರುವಾದ ಮೇಲೆ ಅವರಿಗೂ ತೆಲಂಗಾಣದ ಅಕ್ಕತಂಗಿಯರು ನೆನಪಾಗಿದ್ದರು. ಒಟ್ಟು ಕುಟುಂಬಗಳು ಬೇಕೆಂದು ಓಣಿ ಓಣಿ ಕೇಳಿಕೊಂಡು ಬಂದರು. ನನ್ನ ತೆಲುಗು ಸ್ವಚ್ಛವಾಗಿದೆ, ನಡುನಡುವೆ ಇಂಗ್ಲಿಷ್ ಬರುತ್ತದೆ ಎಂದು ಕೂಡಲೇ ಹೆಸರು ಬರೆದುಕೊಂಡರು. ಮಾತಿನ ನಡುವೆ ಅತ್ತೆ, ಸಣ್ಣ ಸೊಸೆ ಬಸ್ ಕಂಡಕ್ಟರು ಎಂದರು. ಬರೆದುಕೊಳ್ಳುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. ಇಬ್ಬರೂ ಬರಬೇಕು, ಮಗುವೂ ಬರಬೇಕು, ಮತ್ತೆ ಅವರು ಯೂನಿಫಾರ್ಮಿನಲ್ಲೇ ಬರಬೇಕು ಅಂದಳು.

ನೆಗೆಣ್ಣಿಗೆ ಖುಷಿಯಾಯಿತು. ಪಾಯಿಖಾನೆಯ ಮಾತು ಈ ಸಲ ಹೇಳುತ್ತೇನೆ ಎಂದಳು. ಅವಳ ಮದುವೆಯ ಹಸಿರು ಸೀರೆ ಇಸ್ತ್ರಿ ಮಾಡಿಸಿದಳು, ಖಾಕಿಯನ್ನು ಬೇರೆ ಚೀಲದಲ್ಲಿ ಮಡಚಿಟ್ಟುಕೊಂಡಳು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡಿದ್ದಳು.

ಕಲ್ಯಾಣ ಮಂಟಪದಲ್ಲಿ ಶೂಟಿಂಗು. ಕಣ್ಣು ಕುಕ್ಕುವ ದೀಪ, ಚಪ್ಪಾಳೆ ಹೊಡೆಯಬೇಕಾದಾಗ ಕೈಯೆತ್ತಿ ತೋರಿಸುವವನೊಬ್ಬ. ನಡೆಸಿಕೊಡುವವಳು ಕ್ಯಾಮೆರಾ ನಿಂತ ತಕ್ಷಣ ನಗುವನ್ನೂ ನಿಲ್ಲಿಸುತ್ತಿದ್ದಳು. ಆಕೆಗೂ ಎಂಟು ತಿಂಗಳ ಮಗುವಿತ್ತು, ಗಾಡಿಯಲ್ಲಿ ಆಕೆಯ ತಾಯಿ ಎತ್ತಿಕೊಂಡು ಕೂತಿದ್ದಳು. ಊಟದ ವಿರಾಮದಲ್ಲಿ ಆಕೆ ಗಾಡಿಗೆ ಓಡಿದ್ದನ್ನು, ಬರುವಾಗ ರವಿಕೆ ಬದಲಾಗಿದ್ದನ್ನು ನೋಡಿದೆ. ಅದು ಯಾವ ಕ್ಯಾಮೆರಾದಲ್ಲೂ ಇಲ್ಲ.

ಮೊದಲು ಇಬ್ಬರನ್ನೂ ಮಾತಾಡಿಸಿದರು. ನೆಗೆಣ್ಣಿ ಎಲ್ಲ ಹೇಳಿದಳು, ರೊಟ್ಟಿ, ಜಡೆ, ಪಾಯಿಖಾನೆ, ನಿಲ್ಲಲು ನೆರಳಿಲ್ಲದ ಸ್ಟಾಪುಗಳು. ಹೇಳುತ್ತಿದ್ದಾಗ ಕ್ಯಾಮೆರಾದವನು ಲೆನ್ಸು ಒರೆಸುತ್ತಿದ್ದ. ಆಮೇಲೆ ಸೀರೆಯ ಮೇಲೆ ಖಾಕಿ ಹಾಕಿಸಿದರು, ಚೀಲ ಹೆಗಲಿಗೆ, ಸೀಟಿ ಕೊರಳಿಗೆ. ಸ್ಟೇಜಿನ ಮೇಲೆ ಎರಡು ಕುರ್ಚಿ ಹಾಕಿದರು. ಒಂದಕ್ಕೆ ಹೂ ಸುತ್ತಿದ್ದರು, ಅದು ನನಗೆ. ಇನ್ನೊಂದು ಬರೀ ಕುರ್ಚಿ. ಹತ್ತು ಹೆಜ್ಜೆ ಆಚೆ ಮಗುವನ್ನು ನಿಲ್ಲಿಸಿದರು. ಆಟ ಇಷ್ಟೇ, ಮಗು ಯಾರ ಹತ್ತಿರ ಓಡಿ ಬರುತ್ತದೋ ಅವರು ಗೆದ್ದಂತೆ.

ನೆಗೆಣ್ಣಿ ನನ್ನ ಕಡೆ ವಾಲಿ ಪಿಸುಗುಟ್ಟಿದಳು, ಅಕ್ಕ, ಸೀರಿ ನಂದೇ ಇವತ್ತು, ಬೇಕಂದ್ರ ನಿಮಗೇ ಕೊಡ್ತೀನಿ. ಅವಳಿಗೆ ಅನುಮಾನವೇ ಇರಲಿಲ್ಲ.

ಹುಡುಗಿ ಓಡಿ ಬಂದಳು. ಸೀದಾ ಅವ್ವನ ಕಡೆಗೇ. ಇನ್ನೊಂದು ಮೊಳ ಇರುವಾಗ ನಿಂತಳು. ಎರಡೂ ಕೈ ಹಿಂದೆ ಹೋದವು. ತುಟಿ ಅಲುಗಿತು. ಮೈಕಿಗೆ ಕೇಳಲಿಲ್ಲ, ನನಗೆ ಕೇಳಿತು. "ಜಳಕ ಆತೇನವ್ವಾ?"

"ಆಗ್ಯಾದ. ಬಾ ಚಿನ್ನ."

ಮಗು ಖಾಕಿಯನ್ನು ನೋಡಿತು. ತಲೆ ತಿರುಗಿಸಿ ಮುಂದಿನ ಸಾಲಿನಲ್ಲಿ ಕೂತ ಆಯಿಯನ್ನು, ಅಂದರೆ ನಮ್ಮತ್ತೆಯನ್ನು, ನೋಡಿತು. ಅತ್ತೆ ಕಣ್ಣು ದೊಡ್ಡದು ಮಾಡಿದ್ದರು. ಅದು ನಿಂತಲ್ಲೇ ನಿಂತಿತು. ಮಂಟಪದಲ್ಲಿ ಯಾರೋ ಅಯ್ಯೋ ಪಾಪ ಅಂದರು.

ಇಲ್ಲಿ ನಾನು ಮಾಡಿದ್ದನ್ನು ಸರಿಯಾಗಿ ಬರೆಯಬೇಕು. ನಾನು ಸುಮ್ಮನೆ ಕೂತಿರಬಹುದಿತ್ತು. ಇನ್ನೊಂದು ಗಳಿಗೆ ಹೋಗಿದ್ದರೆ ನೆಗೆಣ್ಣಿ ಖಾಕಿ ಕಿತ್ತೆಸೆಯುತ್ತಿದ್ದಳು, ಅವಳ ಕೈ ಆಗಲೇ ಮೇಲಿನ ಗುಂಡಿಗೆ ಹೋಗಿತ್ತು. ಅದು ನನಗೆ ಕಂಡಿತು. ಕಂಡದ್ದರಿಂದಲೇ ನಾನು ಎರಡೂ ತೋಳು ಚಾಚಿದೆ. "ಬಾ ಕಂದಾ" ಅಂದೆ. ಮಗುವಿಗೆ ಒಂದು ದಾರಿ ಬೇಕಿತ್ತು. ಬಂದು ನನ್ನ ತೊಡೆಯಲ್ಲಿ ಮುಖ ಮುಚ್ಚಿಕೊಂಡಿತು.

ಕೈಯೆತ್ತುವವನು ಕೈಯೆತ್ತಿದ. ಚಪ್ಪಾಳೆಯೋ ಚಪ್ಪಾಳೆ. ನನ್ನ ತಲೆಗೆ ಕಿರೀಟ ಇಟ್ಟರು. ಪ್ಲಾಸ್ಟಿಕ್ಕಿನದು, ಕಿವಿಯ ಹಿಂದೆ ಚುಚ್ಚುತ್ತಿತ್ತು. ನಡೆಸಿಕೊಡುವವಳು ಮಗುವಿನ ಜಡೆ ಎತ್ತಿ ಕ್ಯಾಮೆರಾಕ್ಕೆ ತೋರಿಸಿ, ಇಷ್ಟು ಅಚ್ಚುಕಟ್ಟಾಗಿ ಜಡೆ ಹಾಕಬೇಕಾದರೆ ಎಷ್ಟು ಪ್ರೀತಿ ಇರಬೇಕು ಎಂದು ನನ್ನನ್ನು ಕೇಳಿದಳು. ನಾನು ನಾಚಿ ತಲೆ ತಗ್ಗಿಸಿದೆ. ಮಗು ಹೆತ್ತ ತಾಯಿಯನ್ನು ಬಿಟ್ಟು ನಿಮ್ಮ ಹತ್ತಿರ ಯಾಕೆ ಬಂತು ಎಂದು ಕೇಳಿದಳು. ಕಾನ್ವೆಂಟಿನಲ್ಲಿ ಕಲಿತ ಮೆತ್ತನೆ ದನಿಯಲ್ಲಿ, ನಾನು ಯಾವಾಗಲೂ ಮನೆಯಲ್ಲೇ ಇರ್ತೀನಲ್ರಿ, ಅದಕ್ಕೆ, ಎಂದು ತೆಲುಗಿನಲ್ಲಿ ಹೇಳಿದೆ. ಆ ಮಾತಿನಲ್ಲಿ ಒಂದು ಶಬ್ದವೂ ಸುಳ್ಳಲ್ಲ.

ಆಟೋದಲ್ಲಿ ಮನೆಗೆ ಬರುವಾಗ ನೆಗೆಣ್ಣಿ ಖಾಕಿ ಬಿಚ್ಚಿ ಚೀಲಕ್ಕೆ ಹಾಕಿದಳು. ಹುಡುಗಿ ಕೂಡಲೇ ನನ್ನ ತೊಡೆಯಿಂದ ಇಳಿದು ಅವಳ ಮಡಿಲು ಹತ್ತಿ, ಹಸಿರು ಸೀರೆಯ ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದಳು. ಅತ್ತೆ ರಸ್ತೆ ನೋಡುತ್ತಿದ್ದರು. ನನ್ನ ಕೈಯಲ್ಲಿ ಸೀರೆಯ ಡಬ್ಬ ಇತ್ತು.

ಎರಡು ವಾರ ಬಿಟ್ಟು ಆದಿತ್ಯವಾರ ಮಧ್ಯಾಹ್ನ ಪ್ರಸಾರವಾಯಿತು. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ನೆಗೆಣ್ಣಿಯ ಮಾತಿನಲ್ಲಿ ಉಳಿದದ್ದು ಎರಡೇ. ಎಷ್ಟು ಗಂಟೆಗೆ ಮನೆ ಬಿಡುತ್ತೀರಿ, ಬೆಳಗಿನ ಜಾವ ನಾಲ್ಕೂವರೆಗೆ. ಮಗು ಆಗ ಏನು ಮಾಡುತ್ತಿರುತ್ತದೆ, ನಿದ್ದೆಯಲ್ಲಿರುತ್ತದೆ. ಅಷ್ಟಕ್ಕೆ ಅಳುವ ವಯೊಲಿನ್ ಶುರು. ಜಡೆಯ ಮಾತಿಲ್ಲ, ರೊಟ್ಟಿಯಿಲ್ಲ. ಮಗು ಅವಳ ಮುಂದೆ ನಿಂತು ಕೈ ಹಿಂದೆ ಕಟ್ಟಿಕೊಂಡದ್ದನ್ನು ನಿಧಾನ ಮಾಡಿ ಮೂರು ಸಲ ತೋರಿಸಿದರು. ಮೂರನೆಯ ಸಲ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತದ್ದು ನನಗಾಗಿ ಅನ್ನುವಂತೆ ನನ್ನ ಕೈ ಹಿಡಿದುಕೊಂಡಳು. ನೆಗೆಣ್ಣಿಯ ಬೆರಳು ಗುಂಡಿಗೆ ಹೋದದ್ದನ್ನು ಕತ್ತರಿಸಿದ್ದರು. ನನ್ನ ಚಾಚಿದ ತೋಳಿಗೆ ಗಂಟೆಯ ಸದ್ದು ಕೂಡಿಸಿದ್ದರು. ಏಳು ಗಂಟೆಯ ಧಾರಾವಾಹಿಯ ಅದೇ ಗಂಟೆ.

ಮೈದುನ ಎದ್ದು ಹೊರಗೆ ಹೋದ. ಪಾಲಿಶ್ ಷೆಡ್ಡಿನಲ್ಲಿ ಅವನಿಗೆ ಯಾರು ಏನೆಂದರೋ, ಒಂದು ವಾರ ಅವಳ ಕೂಡ ಮಾತಿಲ್ಲ. ಬಸ್ಸಿನಲ್ಲಿ ಅವಳಿಗೆ ದಿನಕ್ಕೊಬ್ಬರು. ಅವಳೇ ಬಂದು ಹೇಳುತ್ತಿದ್ದಳು, ಮೊದಮೊದಲು ನಕ್ಕು. ಯಾಲಾಲದಲ್ಲಿ ಹತ್ತಿದ ಹೆಂಗಸರು ಮೊಣಕೈಯಿಂದ ತಿವಿದು ತೋರಿಸುತ್ತಿದ್ದರಂತೆ. ಕೊಡಂಗಲ್ ಬಸ್ಸಿನಲ್ಲಿ ಒಬ್ಬ ಮುದುಕ ಟಿಕೇಟು ತಗೊಂಡು, "ಚಿಲ್ಲರೆ ನೋಡಿ ಕೊಡವ್ವ, ಮಗಳನ್ನ ಕೊಟ್ಟಂಗ ಮಂದಿಗಿ ಕೊಟ್ಟಿ" ಅಂದನಂತೆ. ಇಡೀ ಬಸ್ಸು ನಕ್ಕಿತಂತೆ. ಡ್ರೈವರನೂ ನಕ್ಕನಂತೆ. ಆಮೇಲೆ ಅವಳು ಬಂದು ಹೇಳುವುದು ಬಿಟ್ಟಳು.

ವರ್ಗದ ಆರ್ಡರ್ ಬಂದದ್ದು ಆ ತಿಂಗಳು. ನಾರಾಯಣಖೇಡ ಡಿಪೋ, ಹದಿನೈದು ದಿನದೊಳಗೆ ಹಾಜರಾಗಬೇಕು. ಅವಳು ಮಗಳ ಬಟ್ಟೆ ಒಗೆದು ಮಡಚಿಡಲು ಶುರು ಮಾಡಿದಳು. ಆಗ ಮೈದುನ ಬಾಯಿಬಿಟ್ಟ. ಕೂಸು ಬರಂಗಿಲ್ಲ, ಊರೆಲ್ಲ ನೋಡ್ಯಾದ ಅದಕ್ಕ ಯಾರು ಬೇಕಂತ.

ಅವಳು ನಾರಾಯಣಖೇಡದಿಂದ ಸೋದರಮಾವನನ್ನು ಕರೆಸಿದಳು. ಪಡಸಾಲೆಯಲ್ಲಿ ಅತ್ತೆ, ನನ್ನವರು, ಮೈದುನ, ಆ ಹಿರಿಯರು. ನೆಗೆಣ್ಣಿ ಕಂಬಕ್ಕೆ ಒರಗಿ ನಿಂತಿದ್ದಳು. ಆ ಹಿರಿಯರು ನಯವಾಗಿಯೇ ಮಾತಾಡಿದರು, ಟೀವಿಯ ಆಟ ನೋಡಿ ಸಂಸಾರ ನಡೆಸಬಾರದು ಅಂದರು. ನನ್ನವರು, ಆಟ ಇರಬಹುದು, ಮಗುವಿನ ಕಾಲು ಸುಳ್ಳು ಹೇಳುತ್ತದೆಯೇ ಎಂದರು. ನೆಗೆಣ್ಣಿ ಆಗ ಖಾಕಿಯ ಸಂಗತಿ ಹೇಳಿದಳು, ತಣ್ಣೀರು, ಮೊಳ ದೂರ, ಎಲ್ಲ. ಅತ್ತೆ ಕೈ ಬೀಸಿ, ತನ್ನ ತಪ್ಪು ನನ್ನ ಮಡಿಯ ಮ್ಯಾಲ ಹೊರಸಾಕತ್ಯಾಳ ನೋಡ್ರಿ, ಎಂದರು. ನಂಬಿದವರು ಯಾರೂ ಕಾಣಲಿಲ್ಲ. ಗಂಡಸರು ಆ ಹೊತ್ತಿನಲ್ಲಿ ಹಿತ್ತಲಲ್ಲಿ ಇರುತ್ತಲೇ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಟೀವಿಯಲ್ಲಿ ಮೂರು ಸಲ ನೋಡಿದ್ದು.

ನಾನು ಚಹಾದ ತಾಟು ಹಿಡಿದುಕೊಂಡು ಬಂದೆ. ನೆಗೆಣ್ಣಿ ನನ್ನನ್ನೇ ನೋಡಿದಳು.

"ಅಕ್ಕ, ಕೂಸು ಅವತ್ತು ನನ್ನ ಕಡಿ ಯಾಕ ಬರಲಿಲ್ಲ, ನಿಮಗ ಗೊತ್ತದ. ನೀರು ಎರೆದವರು ನೀವು. ಒಂದ್ಸಲ ಬಾಯಿಬಿಟ್ಟು ಹೇಳ್ರಿ."

ತಾಟಿನಲ್ಲಿ ಐದು ಲೋಟ. ಒಂದರ ಅಂಚಿನಲ್ಲಿ ಕೆನೆ ಹತ್ತಿತ್ತು. ಅದನ್ನು ಯಾರಿಗೆ ಕೊಡುವುದೆಂದು ನಾನು ಯೋಚಿಸುತ್ತಿದ್ದೆ, ಸುಳ್ಳಲ್ಲ, ಅದನ್ನೇ ಯೋಚಿಸುತ್ತಿದ್ದೆ. ಹೇಳಿದರೆ ಅತ್ತೆ ಹೊಣೆಯಾಗುತ್ತಾರೆ, ನನ್ನವರ ಮುಖ ಕೆಳಗಾಗುತ್ತದೆ. ಅದೆಲ್ಲ ನಿಜ. ಅದಕ್ಕಿಂತ ನಿಜವಾದದ್ದು ಬೇರೆ. ಓಣಿಯಲ್ಲಿ ನಾನು ಹಾದುಹೋದರೆ ಹೆಂಗಸರು ಮಕ್ಕಳಿಗೆ, ನೋಡು, ಟೀವಿಯ ಅಮ್ಮ, ಎಂದು ತೋರಿಸುತ್ತಿದ್ದರು. ಹದಿನಾಲ್ಕು ವರ್ಷ ಧೂಳು ಒರೆಸಿದ್ದಕ್ಕೆ ಅದೊಂದೇ ನನಗೆ ಸಿಕ್ಕದ್ದು. ಅದನ್ನು ಕೊಟ್ಟುಬಿಡಲು ನನ್ನ ಕೈಲಾಗಲಿಲ್ಲ.

"ಸಣ್ಣ ಕೂಸು," ಅಂದೆ. "ಅದರ ಮನಸಿನಾಗ ಏನಿತ್ತೋ ಯಾರಿಗಿ ಗೊತ್ತು. ಚಹಾ ಆರ್ತದ, ತಗೋರಿ."

ಹಿರಿಯರು ಲೋಟ ತಗೊಂಡರು. ಅಲ್ಲಿಗೆ ತೀರ್ಮಾನವಾಯಿತು. ಯಾರೂ ತೀರ್ಮಾನ ಎಂಬ ಶಬ್ದ ಬಳಸಲಿಲ್ಲ. ಹುಡುಗಿ ಇಲ್ಲೇ ಇರಲಿ, ವಾರದ ರಜೆಗೆ ತಾಯಿ ಬಂದು ಹೋಗಲಿ, ಮುಂದೆ ನೋಡೋಣ ಅಂದರು. ಚಹಾ ಚೆನ್ನಾಗಿದೆ ಎಂದೂ ಅಂದರು.

ಅವಳು ಹೋದ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾನು ಹೋಗಿದ್ದೆ. ಹುಡುಗಿಗೆ ಹೇಳಿರಲಿಲ್ಲ, ಅದು ಮಲಗಿತ್ತು, ಜಡೆ ಹಾಕಿತ್ತು. ಅವಳ ಸೂಟ್‌ಕೇಸು ಬಸ್ಸಿನೊಳಗಿಟ್ಟು ಕಿಟಕಿಯ ಹತ್ತಿರ ನಿಂತು, ನಂದು ತಪ್ಪಾಯಿತು, ಅವತ್ತು ಹೇಳಬೇಕಿತ್ತು, ನನಗೆಲ್ಲ ಗೊತ್ತಿತ್ತು ಎಂದೆ. ಕಣ್ಣಲ್ಲಿ ನೀರೂ ಬಂತು. ಅವಳು ಹೊರಗೆ ನೋಡದೆ ಹೇಳಿದಳು.

"ನಿಮಗ ಗೊತ್ತದ ಅಂತ ನನಗೂ ಗೊತ್ತದಕ್ಕ. ಇಲ್ಲಿ ಹೇಳಿ ಏನ್ ಮಾಡ್ಲಿ? ಗೊತ್ತಿಲ್ಲದವರು ಮನ್ಯಾಗ ಕುಂತಾರ, ಹೋಗಿ ಅವರಿಗಿ ಹೇಳ್ರಿ."

ನಾನು ಮನೆಗೆ ಬಂದೆ. ಅವರಿಗೆ ಹೇಳಲಿಲ್ಲ. ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಎದ್ದ ಮೇಲೆ ಉಪ್ಪಿಟ್ಟು ಮಾಡಬೇಕಿತ್ತು.

ಮೊದಲ ವರ್ಷ ಅವಳು ವಾರಕ್ಕೊಮ್ಮೆ ಬರುತ್ತಿದ್ದಳು, ಮೂರು ಬಸ್ಸು ಬದಲಿಸಿ. ಬಂದಾಗಲೆಲ್ಲ ಅತ್ತೆ ಪರವೂರಿನ ನೆಂಟರಿಗೆ ಕೊಡುವಂತೆ ಬಾಗಿಲಲ್ಲಿ ಕಾಲಿಗೆ ನೀರು ಕೊಡುತ್ತಿದ್ದರು. ಹುಡುಗಿಗೆ ಜಡೆ ಹಾಕುವುದು ನನ್ನ ಪಾಲಿಗೆ ಬಂತು. ಎಚ್ಚರವಿರುವಾಗ ಹಾಕುತ್ತಿದ್ದೆ, ಎಳೆದರೆ ಚೀರುತ್ತಿದ್ದಳು. ಎರಡನೆಯ ವರ್ಷ ತಿಂಗಳಿಗೊಮ್ಮೆಯಾಯಿತು. ಒಂದು ಸಲ ನೆಗೆಣ್ಣಿ ತಂದ ಫ್ರಾಕು ಎರಡು ಬೆರಳು ಗಿಡ್ಡವಾಯಿತು. ಅಷ್ಟು ಬೆಳೆದದ್ದು ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ಟೀವಿ ನೋಡಿಕೊಂಡೇ, ಇರಲಿ ಬಿಡ್ರಿ ಅಂದಳು. ತಾಯಿಗೆ ಬಿಡ್ರಿ ಅಂದಳು, ಹೊರಗಿನವರಿಗೆ ಅನ್ನುವಂತೆ. ನೆಗೆಣ್ಣಿ ಫ್ರಾಕು ಮಡಚಿ ಚೀಲಕ್ಕೆ ಹಾಕಿಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ತೆಲಂಗಾಣ ಬಂದ ದಿನ ಊರಲ್ಲೆಲ್ಲ ಗುಲಾಲು ಎರಚಿದರು, ಅವಳು ಅಲ್ಲಿ ಡಿಪೋದವರ ಜೊತೆ ಕುಣಿದಳಂತೆ. ಮೈದುನ ಅವಳನ್ನು ಬಿಟ್ಟೂ ಇಲ್ಲ, ಕರೆಸಿಕೊಂಡೂ ಇಲ್ಲ.

ಹುಡುಗಿ ಈಗ ಹೈದರಾಬಾದಿನಲ್ಲಿ ಓದುತ್ತಾಳೆ. ಹೋದ ಬೇಸಿಗೆಗೆ ಬಂದಾಗ ಫೋನಿನಲ್ಲಿ ಏನೋ ನೋಡಿ ನಗುತ್ತಾ ನನ್ನ ಹತ್ತಿರ ಬಂದು ಕೂತಳು. ಯಾರೋ ಹಳೆಯ ಕಾರ್ಯಕ್ರಮಗಳನ್ನೆಲ್ಲ ಹಾಕಿದ್ದಾರೆ, ಅದರಲ್ಲಿ ನಾವಿದ್ದೇವೆ. ಕಿರೀಟ, ಹೂವಿನ ಕುರ್ಚಿ, ನಿಧಾನ ಮಾಡಿ ಮೂರು ಸಲ. ಎರಡನೆಯ ಸಲಕ್ಕೆ ಅವಳ ನಗು ನಿಂತಿತು. ಮೂರನೆಯದನ್ನು ನಿಲ್ಲಿಸಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿದಳು.

"ದೊಡ್ಡವ್ವ, ನಾನು ಏನೋ ಕೇಳ್ಲಿಕ್ಕತ್ತೀನಿ ಅವ್ವಗ. ಬಾಯಿ ಆಡ್ಲಿಕ್ಕತ್ತದ ನೋಡ್ರಿ. ಏನ್ ಕೇಳ್ದೆ?"

ನೆನಪಿಲ್ಲ ಅಂದೆ. ಬಹಳ ವರ್ಷವಾಯಿತಲ್ಲ ಅಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ ಫೋನು ಬದಿಗಿಟ್ಟಳು. ಆಮೇಲೆ ನಾನು ಇದನ್ನು ಬರೆಯಲು ಕೂತೆ. ನನಗೆ ಕನ್ನಡದ ಅಕ್ಷರ ಕಲಿಸಿದವಳು ಬೀದರಿನ ಕಡೆಯ ನನ್ನ ತಾಯಿ. ಹುಡುಗಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಓದುತ್ತಿದ್ದಳು, ತೆಲುಗಿನಲ್ಲಿ ಬರೆದಿದ್ದರೂ ಓದುತ್ತಿದ್ದಳು. ಎರಡೂ ನನಗೆ ಚೆನ್ನಾಗಿಯೇ ಬರುತ್ತವೆ.